ಹೆಂಡರ್ಸನ್ಸ್ ಬಾಟ್ಲಿ, ಅರ್ಧ ಕೆಜಿ ಕೈಮಾ, ಒಂದು ಟ್ರೇ ಶೆಪರ್ಡ್ಸ್ ಪೈ

ಇಂಗ್ಲೆಂಡಿನ ಶೆಫೀಲ್ಡಿಗೆ ಬಂದು ಇದು ನಾಲ್ಕನೇ ಚಳಿಗಾಲ. ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗ್ಬಿಡುತ್ತೆ, ಬಸ್ ಇಳಿದು ಗುಡ್ಡ ಹತ್ಕೊಂಡು ಮನೆಗೆ ಬರೋಷ್ಟರಲ್ಲಿ ಕಿವಿ ಎಲ್ಲಾ ಮರಗಟ್ಟಿರುತ್ತೆ, ಆಗ ಏನಾದ್ರೂ ಬಿಸಿಬಿಸಿಯಾಗಿ ಮೆತ್ತಗೆ ಇರೋದು ಹೊಟ್ಟೆಗೆ ಬಿದ್ರೆ ಸಾಕಪ್ಪ ಅನ್ಸುತ್ತೆ. ಊರಲ್ಲಾಗಿದ್ರೆ ಮುದ್ದೆ, ಕೈಮಾ ಉಂಡೆ ಸಾರು, ಮುಗೀತು. ಇಲ್ಲಿ ರಾಗಿ ಹಿಟ್ಟು ಸಿಗುತ್ತೆ, ಸಿಗಲ್ಲ ಅಂತಲ್ಲ, ಆದ್ರೆ ಆಫೀಸಿಂದ ಬಂದು ಮಸಾಲೆ ರುಬ್ಬೋ ತಾಳ್ಮೆ ಯಾರಿಗಿದೆ. ಹಂಗಾಗಿ ಮೊದಲೆರಡು ವರ್ಷ ಸೂಪರ್‌ಮಾರ್ಕೆಟ್ಟಿನ ರೆಡಿಮೇಡ್ ಶೆಪರ್ಡ್ಸ್ ಪೈ (ಕೈಮಾ ಮೇಲೆ ಬೇಯಿಸಿ ಮಸೆದ ಆಲೂಗಡ್ಡೆ, ಅಂದ್ರೆ ಮ್ಯಾಶ್, ಹರಡಿ ಓವನ್ನಲ್ಲಿ ಬೇಯಿಸೋದು) ತಂದು ಮೈಕ್ರೋವೇವಲ್ಲಿಟ್ಟು ತಿಂತಿದ್ದೆ. ಯಾವ ಅಂಗಡಿದು ಅಂತ ಹೇಳಲ್ಲ, ಆದ್ರೆ ಮೇಲಿನ ಆಲೂಗಡ್ಡೆ ಗೋಡೆಗೆ ಬಳಿಯೋ ಪುಟ್ಟಿ ಥರ, ಕೆಳಗೆ ಕಂದು ಬಣ್ಣದ ಸಿಹಿ ಗಂಜಿ, ಅದರೊಳಗೆ ಮಾಂಸ ಅನ್ನೋದನ್ನ ಫೋರ್ಕಲ್ಲಿ ಕೆದಕಿ ಕೆದಕಿ ಹುಡುಕ್ಬೇಕು.

ಆಮೇಲೆ ಮನೇಲೇ ಮಾಡೋಕೆ ಶುರು ಮಾಡ್ದೆ. ಒಂದು ಹತ್ತು ಹನ್ನೆರಡು ಸಲ ಆಗಿರಬಹುದು ಈಗ. ಅದ್ರಲ್ಲಿ ಆರೇಳು ಸಲ ಸುಮಾರಾಗಿ ಬಂತು, ಅಂದ್ರೆ ಹಸಿದವರು ತಿನ್ನಬಹುದು ಅನ್ನೋ ಮಟ್ಟಕ್ಕೆ. ಆಮೇಲಿಂದ ಬದಲಾಗಿದ್ದಕ್ಕೆ ಅರ್ಧ ಕಾರಣ ನನ್ನ ಕೈ ಪಳಗಿದ್ದು, ಇನ್ನರ್ಧ ಈ ಕಿತ್ತಳೆ ಬಣ್ಣದ ಲೇಬಲ್ಲಿನ ಬಾಟ್ಲಿ, ಹೆಂಡರ್ಸನ್ಸ್ ರೆಲಿಶ್. ಈ ರಿವ್ಯೂ ಅದ್ರದ್ದೇ, ಆದ್ರೆ ಬರೀ ಸಾಸ್ ನೆಕ್ಕಿ ರಿವ್ಯೂ ಬರೆಯೋಕಾಗಲ್ವಲ್ಲ, ಅದಕ್ಕೆ ಪೈ ಸಮೇತ ಹೇಳ್ತೀನಿ.

ಬಾಟ್ಲಿ ಬಗ್ಗೆ ಮೊದ್ಲು. ಇದು ಪಕ್ಕಾ ಶೆಫೀಲ್ಡಿನ ಸಾಸು. ಹೆನ್ರಿ ಹೆಂಡರ್ಸನ್ ಅನ್ನೋರು 1885ರಲ್ಲಿ ಬ್ರಾಡ್ ಲೇನಿನ ತಮ್ಮ ಅಂಗಡೀಲಿ ಶುರು ಮಾಡಿದ್ದಂತೆ, ಈಗ್ಲೂ ಇದೇ ಊರಲ್ಲೇ ತಯಾರಾಗುತ್ತೆ. ಹಳೇ ಫ್ಯಾಕ್ಟರಿ ಯೂನಿವರ್ಸಿಟಿ ಹತ್ರ ಲೀವಿಗ್ರೀವ್ ರೋಡಲ್ಲಿತ್ತು, 2013ರಲ್ಲಿ ಪಾರ್ಕ್‌ವೇ ರಸ್ತೆ ಕಡೆ ಹೋದ್ರು. ಇಲ್ಲಿಯವರು ಇದನ್ನ ಪ್ರೀತಿಯಿಂದ ಹೆಂಡೋಸ್ ಅಂತಾರೆ (ನಮ್ಮ ಕಿವಿಗೆ ಅದು ಬೇರೇನೋ ಕೇಳುತ್ತೆ, ನಾನು ಮೊದಲ ಸಲ ಕೇಳಿದಾಗ ಆಫೀಸಲ್ಲಿ ಒಬ್ಬಳೇ ನಕ್ಕಿದ್ದೆ). ಚಿಪ್ಸ್ ಅಂಗಡಿ, ಪಬ್ಬು, ಎಲ್ಲಾ ಕಡೆ ಟೇಬಲ್ ಮೇಲೆ ಇರುತ್ತೆ, ನಮ್ಮ ಹೋಟ್ಲಲ್ಲಿ ಉಪ್ಪಿನಕಾಯಿ ಡಬ್ಬಿ ಇದ್ದ ಹಾಗೆ. ಅದೇ ಲಂಡನ್ನಲ್ಲಿರೋ ನಮ್ಮ ಕನ್ನಡ ಗೆಳತಿಗೆ ಹೇಳಿದ್ರೆ ಹಾಗಂದ್ರೇನು ಅಂದ್ಲು.

ನಾನು ಬಾಟ್ಲಿ ತಿರುಗಿಸಿ ಹಿಂದಿನ ಲೇಬಲ್ ಓದಿದಾಗ ನಿಂತಲ್ಲೇ ನಿಂತೆ ಕಣ್ರೀ. ವಿನೆಗರ್, ನೀರು, ಸಕ್ಕರೆ, ಹುಣಸೆಹಣ್ಣು, ಲವಂಗ, ಖಾರದ ಪುಡಿ, ಬೆಳ್ಳುಳ್ಳಿ ಎಣ್ಣೆ. ಹುಣಸೆಹಣ್ಣು! ಇಂಗ್ಲೆಂಡಿನ ಉಕ್ಕಿನ ಊರಿನ ಕಾರ್ಮಿಕರು ನೂರು ವರ್ಷಕ್ಕೂ ಮೇಲಿಂದ ಊಟಕ್ಕೆ ಸುರ್ಕೊಂಡು ತಿಂತಿರೋದು ನಮ್ಮ ಗೊಜ್ಜಿನ ದೂರದ ನೆಂಟನ್ನ. ಹುಣಸೆ ಮರ ಮೂಲದಲ್ಲಿ ಆಫ್ರಿಕಾದ್ದು, ಹೆಸರು ಮಾತ್ರ ಅರಬ್ಬರು ಹಿಂದೂಸ್ತಾನದ ಖರ್ಜೂರ ಅಂತ ಇಟ್ಟಿದ್ದು, ಅದರಿಂದ್ಲೇ ಟ್ಯಾಮರಿಂಡ್ ಆಯ್ತು. ಸರಿ, ಯಾರ ಊರಿಂದಾದ್ರೂ ಬರ್ಲಿ, ನಂಗೆ ಬೇಕಾಗಿದ್ದು ಅದೇ ಆಗಿತ್ತು, ನಂಗೇ ಗೊತ್ತಿರ್ಲಿಲ್ಲ ಅಷ್ಟೆ.

ಯಾಕಂದ್ರೆ ಈ ಪೈಯಲ್ಲಿ ತೊಂದ್ರೆ ಏನು ಅಂದ್ರೆ, ಕುರಿ ಕೊಬ್ಬು, ಬೆಣ್ಣೆ, ಹಾಲು, ಆಲೂಗಡ್ಡೆ, ಎಲ್ಲಾ ಒಂದೇ ಕಡೆ ಎಳೆಯೋವು. ನಾಲ್ಕು ತುತ್ತು ಸೊಗಸಾಗಿರುತ್ತೆ, ಐದನೇದಕ್ಕೆ ಮುಖ ಕಟ್ಟುತ್ತೆ. ನಾನು ಮೊದಮೊದಲು ಖಾರ ಕಮ್ಮಿ ಆಗಿದೆ ಅಂದ್ಕೊಂಡು ಹಸಿಮೆಣಸಿನಕಾಯಿ ಹಾಕ್ದೆ, ಗರಂ ಮಸಾಲೆ ಹಾಕ್ದೆ, ಒಂದ್ಸಲ ಕೊತ್ತಂಬರಿ ಪುದೀನ ಕೂಡ. ಅದು ಖೀಮಾ ಮೇಲೆ ಆಲೂ ಬೋಂಡದ ಪಲ್ಯ ಮೆತ್ತಿದ ಹಾಗಾಯ್ತು, ಕೆಟ್ಟದಾಗಿತ್ತು ಅಂತಲ್ಲ, ಆದ್ರೆ ಅದು ಆ ಅಡುಗೆ ಅಲ್ಲ. ಬೇಕಾಗಿದ್ದು ಖಾರ ಅಲ್ಲ, ಹುಳಿ.

ಹೆಸರಿನ ತಕರಾರು ಬೇಗ ಮುಗಿಸ್ಬಿಡ್ತೀನಿ. ಕುರಿ ಮಾಂಸ ಹಾಕಿದ್ರೆ ಶೆಪರ್ಡ್ಸ್ ಪೈ, ದನದ್ದಾದ್ರೆ ಕಾಟೇಜ್ ಪೈ. ಈ ಬಗ್ಗೆ ಇಲ್ಲಿ ಜನ ಜಗಳಕ್ಕೇ ಬರ್ತಾರೆ, ಆದ್ರೆ ಕಾಟೇಜ್ ಪೈ ಅನ್ನೋ ಹೆಸರು 1791ರಷ್ಟು ಹಿಂದಿಂದೇ ಇದೆ, ಶೆಪರ್ಡ್, ಅಂದ್ರೆ ಕುರುಬನ ಹೆಸರು ಬಂದಿದ್ದು ಹತ್ತೊಂಬತ್ತನೇ ಶತಮಾನದ ಮಧ್ಯದಲ್ಲಿ, ಮೊದಲೆಲ್ಲ ಎರಡನ್ನೂ ಕಲಸುಮೇಲೋಗರವಾಗೇ ಬಳಸ್ತಿದ್ರು. ಮೂಲದಲ್ಲಿ ಇದು ಭಾನುವಾರ ಉಳಿದ ರೋಸ್ಟ್ ಮಾಂಸನ ಸೋಮವಾರ ಕೊಚ್ಚಿ ಮುಗಿಸೋ ಉಪಾಯ. ನಾವು ಉಳಿದ ಅನ್ನಕ್ಕೆ ಒಗ್ಗರಣೆ ಕೊಡಲ್ವಾ, ಹಂಗೇ. ನಮ್ಮನೇಲಿ ದನದ್ದು ತರಲ್ಲ, ಹಾಗಾಗಿ ನಂದು ಕುರಿದೇ. ಸೂಪರ್‌ಮಾರ್ಕೆಟ್ ಪ್ಯಾಕೆಟ್ಟಿಗಿಂತ ಮನೆ ಹತ್ರದ ಹಲಾಲ್ ಕಸಾಯಿ ಅಂಗಡೀಲಿ ಭುಜದ ಮಾಂಸ ಒಂದೇ ಸಲ ಮಿಷಿನ್ನಿಗೆ ಹಾಕ್ಸಿದ ಕೈಮಾ ತುಂಬಾ ವಾಸಿ. ಎರಡು ಸಲ ಹಾಕಿದ್ರೆ ಬೆಂದಾಗ ಮರಳು ಮರಳಾಗುತ್ತೆ, ಬೇಡ ಅಂತ ಮೊದ್ಲೇ ಹೇಳ್ಬೇಕು.

ಈಗ ಆಲೂಗಡ್ಡೆ. ನಾನು ಹಾಸನದವಳು, ಆಲೂಗಡ್ಡೆ ವಿಷಯದಲ್ಲಿ ನಂಗೆ ಯಾರೂ ಪಾಠ ಹೇಳೋದು ಬೇಡ ಅನ್ನೋ ಕೊಬ್ಬಿತ್ತು. ಜಲಂಧರದಿಂದ ಲಾರೀಲಿ ಬಿತ್ತನೆ ಗಡ್ಡೆ ಎಪಿಎಂಸಿಗೆ ಬಂದ ದಿನ ನಮ್ಮಪ್ಪ ಬೆಳಗಿನ ಜಾವವೇ ಎದ್ದು ಹೋಗ್ತಿದ್ರು, ಕುಫ್ರಿ ಜ್ಯೋತಿ ಬಿಟ್ರೆ ಬೇರೆ ತಳಿ ಮುಟ್ತಿರ್ಲಿಲ್ಲ, ಮೋಡ ಮುಚ್ಕೊಂಡು ಜಿಟಿಜಿಟಿ ಮಳೆ ಹಿಡಿದ್ರೆ ಅಂಗಮಾರಿ ಬರುತ್ತೆ ಅಂತ ಮನೇಲಿ ಎಲ್ರೂ ಆಕಾಶ ನೋಡ್ಕೊಂಡು ಕೂರೋದು. 1845ರಲ್ಲಿ ಐರ್ಲೆಂಡಿನ ಬೆಳೆ ಕೊಳೆಸಿ ಬರಗಾಲ ತಂದಿದ್ದು ಇದೇ ಅಂಗಮಾರಿ ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದ್ಮೇಲೆ. ಇಷ್ಟೆಲ್ಲಾ ಹಿನ್ನೆಲೆ ಇಟ್ಕೊಂಡು ನಾನು ಮೊದಲ ಸಲ ಮ್ಯಾಶ್ ಮಾಡಿದ್ದು ಹೇಗೆ ಗೊತ್ತಾ, ಊರಿಂದ ತಂದಿದ್ದ ಮುದ್ದೆ ಕೋಲಲ್ಲಿ. ಪಾತ್ರೆನ ಎರಡು ಕಾಲ ಮಧ್ಯೆ ಇಟ್ಕೊಂಡು ಗಂಟಿಲ್ಲದ ಹಾಗೆ ಚೆನ್ನಾಗಿ ತಿರುವಿ ತಿರುವಿ, ಹಾಲು ಹಾಕಿ ಮತ್ತೆ ತಿರುವಿ. ಗಂಟು ಒಂದೂ ಇರ್ಲಿಲ್ಲ. ಚಮಚ ಎತ್ತಿದ್ರೆ ಅಂಟು ದಾರ ದಾರವಾಗಿ ಎಳೀತಿತ್ತು, ಪೋಸ್ಟರ್ ಅಂಟಿಸೋ ಮೈದಾ ಗೋಂದು ನೋಡಿದ್ದೀರಲ್ಲ, ಅದೇ.

ಆಮೇಲೆ ಅರ್ಥ ಆಗಿದ್ದು ಇಷ್ಟು. ಮುದ್ದೇಲಿ ಹಿಟ್ಟು ಒಂದಕ್ಕೊಂದು ಹಿಡ್ಕೋಬೇಕು, ಅದಕ್ಕೇ ತಿರುವೋದು. ಆಲೂಗಡ್ಡೇಲಿ ಹಿಟ್ಟಿನ ಅಂಶ ಸಣ್ಣ ಸಣ್ಣ ಚೀಲದೊಳಗೆ ಕೂತಿರುತ್ತೆ, ಜಾಸ್ತಿ ಜಜ್ಜಿದ್ರೆ ಚೀಲ ಒಡೆದು ಎಲ್ಲಾ ಹೊರಗೆ ಬಂದು ಗೋಂದಾಗುತ್ತೆ. ಮಿಕ್ಸೀಲಿ ಹಾಕಿದ್ರೂ ಇದೇ ಗತಿ. ಮೇಲಿಂದ ಕೆಳಗೆ ಒತ್ತಬೇಕು, ತಿರುವಬಾರದು. ನಾನು ಈಗ ನಮ್ಮ ಶ್ಯಾವಿಗೆ ಒತ್ತು ಥರದ ಒಂದು ರೈಸರ್ ತಂದಿದೀನಿ, ಅದ್ರಲ್ಲಿ ಒಂದೇ ಸಲ ಒತ್ತಿದ್ರೆ ಮುಗೀತು (ಚಕ್ಕುಲಿ ಒರಳಿಗೆ ಸಣ್ಣ ತೂತಿನ ಬಿಲ್ಲೆ ಹಾಕಿದ್ರೂ ನಡಿಯುತ್ತೆ, ಅಕ್ಕ ಬೆಂಗಳೂರಲ್ಲಿ ಹಾಗೇ ಮಾಡಿದ್ಲು). ತಳಿ ಮ್ಯಾರಿಸ್ ಪೈಪರ್ ಇಲ್ಲಾ ಕಿಂಗ್ ಎಡ್ವರ್ಡ್, ಎರಡೂ ಬೆಂದ್ರೆ ಹಿಟ್ಟಾಗೋವು. ಸಲಾಡಿಗೆ ಹಾಕೋ ಸಣ್ಣ ಮೇಣದಂಥ ಗಡ್ಡೆ ಇದಕ್ಕೆ ಆಗಲ್ಲ. ಸುಮಾರು 900 ಗ್ರಾಂ ಸಿಪ್ಪೆ ತೆಗೆದು ದಪ್ಪ ಹೋಳು ಮಾಡಿ, ತಣ್ಣೀರಿಗೆ ಉಪ್ಪು ಹಾಕಿ ಅಲ್ಲಿಂದ ಬೇಯಿಸೋದು, ಕುದಿಯೋ ನೀರಿಗೆ ಹಾಕಿದ್ರೆ ಹೊರಗೆ ಕರಗಿ ಒಳಗೆ ಕಲ್ಲಿರುತ್ತೆ. ಬಸಿದ್ಮೇಲೆ ಅದೇ ಬಿಸಿ ಪಾತ್ರೇಲಿ ಎರಡು ನಿಮಿಷ ಸುಮ್ನೆ ಬಿಡಿ, ಆವಿ ಹೋಗಿ ಹೋಳಿನ ಅಂಚು ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತೆ, ಆಗ ಒತ್ತಿ ಮೊದ್ಲು ಬೆಣ್ಣೆ, ಆಮೇಲೆ ಬಿಸಿ ಹಾಲು. ಬೆಣ್ಣೆ ನಾನು 75 ಗ್ರಾಂ ಹಾಕ್ತೀನಿ, ಡಾಕ್ಟ್ರಿಗೆ ಹೇಳ್ಬೇಡಿ. ಹಾಲು ಹಾಕುವಾಗ ಕೈ ಬಿಗಿಯಾಗಿರ್ಲಿ.

ಕೈಮಾಗೆ ಬರೋಣ. 500 ಗ್ರಾಂ. ಬಾಣಲೆ ಚೆನ್ನಾಗಿ ಕಾದಿರ್ಬೇಕು, ಹಾಕಿ ಮೂರ್ನಾಲ್ಕು ನಿಮಿಷ ಮುಟ್ಟದೇ ಬಿಡ್ಬೇಕು, ಚಟಪಟ ಅನ್ನೋ ಸದ್ದು ನಿಂತು ತಳ ಕಂದಾಗ್ಬೇಕು. ಬೂದು ಬಣ್ಣಕ್ಕೇ ನಿಲ್ಲಿಸಿದ್ರೆ ನಿಮ್ಮ ಪೈ ಆ ರೆಡಿಮೇಡ್ ಡಬ್ಬಿದೇ ರುಚಿ. ಕುರಿ ಕೊಬ್ಬು ತುಂಬಾ ಬಿಡುತ್ತೆ, ಒಂದು ಚಮಚ ಉಳಿಸಿ ಮಿಕ್ಕಿದ್ದು ಬಸಿಯಿರಿ. ಅದೇ ಬಾಣಲೇಲಿ ಈರುಳ್ಳಿ, ಕ್ಯಾರೆಟ್, ಸೆಲೆರಿ ಸಣ್ಣಗೆ ಹೆಚ್ಚಿದ್ದು, ಬೆಳ್ಳುಳ್ಳಿ, ಟೊಮೇಟೊ ಪೇಸ್ಟ್ ಒಂದು ಚಮಚ, ಮೈದಾ ಒಂದು ಚಮಚ, ಥೈಮ್ ಸೊಪ್ಪು ಇದ್ರೆ ಎರಡು ಕಡ್ಡಿ, ಆಮೇಲೆ 300 ಮಿಲಿ ಸ್ಟಾಕ್ (ಮೂಳೆ ಇಲ್ಲಾ ತರಕಾರಿ ಬೇಯಿಸಿ ಸೋಸಿದ ನೀರು). ಸಣ್ಣ ಉರೀಲಿ ಅರ್ಧ ಗಂಟೆ ಮೇಲೆ. ಸೌಟಲ್ಲಿ ಬಾಣಲೆ ತಳಕ್ಕೆ ಗೆರೆ ಎಳೆದ್ರೆ ಆ ಗೆರೆ ಒಂದು ಕ್ಷಣ ಹಾಗೇ ನಿಲ್ಬೇಕು, ತಕ್ಷಣ ಮುಚ್ಕೊಂಡ್ರೆ ಇನ್ನೂ ನೀರಿದೆ ಅಂತ.

ಹೆಂಡರ್ಸನ್ಸ್ ಬರೋದು ಇಲ್ಲಿ. ಎರಡು ದೊಡ್ಡ ಚಮಚ, ಅರ್ಧ ಬೆಂದಾಗ. ಮೊದಲ ಸಲ ನಾನು ಬಾಟ್ಲಿ ಬಗ್ಗಿಸಿ ಸೋಯಾ ಸಾಸ್ ಲೆಕ್ಕದಲ್ಲಿ ಸುರಿದು ಎಲ್ಲಾ ಹುಳಿ ಮಾಡ್ಕೊಂಡೆ, ತಪ್ಪು ನಂದೇ, ಇದು ನೀರಿನಷ್ಟೇ ತೆಳು, ಸರ್ರಂತ ಬಂದ್ಬಿಡುತ್ತೆ. ಸರಿಯಾಗಿ ಹಾಕಿದಾಗ ಏನಾಗುತ್ತೆ ಅಂದ್ರೆ, ಹುಳಿ ಅಂತ ನಾಲಿಗೆಗೆ ಗೊತ್ತಾಗಲ್ಲ, ಮಾಂಸದ ರುಚಿ ಎದ್ದು ಕೂರುತ್ತೆ, ಹಿಂದೆ ಎಲ್ಲೋ ಲವಂಗದ ಘಮ. ಅಮ್ಮ ಸಾರು ಇಳಿಸೋ ಮುಂಚೆ ಹುಣಸೆ ರಸ ಒಂದು ಹನಿ ಬಿಡ್ತಾರಲ್ಲ, ಅದೇ ಕೆಲ್ಸ. ತಟ್ಟೆಗೆ ಹಾಕ್ಕೊಂಡ್ಮೇಲೆ ಮೇಲಿಂದ ನಾಲ್ಕು ಹನಿ ಮತ್ತೆ, ಇಲ್ಲಿನವರು ಹಾಗೇ ತಿನ್ನೋದು.

ಲೀ ಅಂಡ್ ಪೆರಿನ್ಸ್ ವೂಸ್ಟರ್ ಸಾಸ್ ಹಾಕಿದ್ರೆ ಆಗಲ್ವಾ ಅಂತ ಕೇಳ್ತೀರಿ. ಆಗುತ್ತೆ, ಮಿಕ್ಕ ಇಂಗ್ಲೆಂಡೆಲ್ಲಾ ಅದನ್ನೇ ಹಾಕೋದು. ವೂಸ್ಟರ್ ಊರಿನ ಇಬ್ರು ಔಷಧಿ ಅಂಗಡಿಯವರು 1837ರಿಂದ ಮಾರಿದ್ದು, ಬಂಗಾಳದಿಂದ ಬಂದ ಯಾವನೋ ಸಾಹೇಬ ರೆಸಿಪಿ ತಂದ ಅಂತ ಒಂದು ಕಥೆ ಓಡಾಡುತ್ತೆ, ಆಧಾರ ಏನೂ ಇಲ್ಲ. ಅದರಲ್ಲೂ ಹುಣಸೆ ಇದೆ, ಜೊತೆಗೆ ಆಂಚೊವಿ ಮೀನಿದೆ, ಕಾಕಂಬಿ ಇದೆ. ನಾನು ಒಂದೇ ಕೈಮಾನ ಎರಡು ಪಾಲು ಮಾಡಿ ಎರಡನ್ನೂ ಹಾಕಿ ನೋಡ್ದೆ. ವೂಸ್ಟರ್ ಹಾಕಿದ್ದು ಗಾಢ, ಒಂಥರಾ ಒಣಮೀನಿನ ಆಳ ಇದೆ, ದನದ ಮಾಂಸ ತಿನ್ನೋರಿಗೆ ಅದೇ ಹೊಂದ್ಬಹುದೇನೋ. ಹೆಂಡರ್ಸನ್ಸ್ ಹಾಕಿದ್ದು ಹಗುರ, ಚುರುಕು, ಕುರಿ ವಾಸನೆಗೆ ಕತ್ರಿ ಹಾಕುತ್ತೆ. ನನ್ನ ಮತ ಕುರಿಗೆ ಹೆಂಡರ್ಸನ್ಸ್. ಗಂಡನ ಮತ ಉಲ್ಟಾ, ಅವ್ರು ಮಂಗಳೂರು ಕಡೆಯವ್ರು, ಮೀನಿದ್ರೆ ಬೇರೆ ಏನೂ ಕಾಣಲ್ಲ.

ಇನ್ನೊಂದು ಲಾಭ, ಹೆಂಡರ್ಸನ್ಸಲ್ಲಿ ಮೀನು ಇಲ್ದೇ ಇರೋದ್ರಿಂದ ಸಸ್ಯಾಹಾರಿಗಳಿಗೂ ಸರಿ. ಯುಗಾದಿಗೆ ಮನೆಗೆ ಬಂದಿದ್ದ ಗೆಳೆಯರಿಗೆ ಕೈಮಾ ಬದ್ಲು ಇಡೀ ಮಸೂರ್ ಕಾಳು, ಅಣಬೆ ಹಾಕಿ ಮಾಡಿದ್ದೆ, ಟ್ರೇ ಖಾಲಿ. ಅವರಲ್ಲಿ ಒಬ್ರು ಮೊದ್ಲು ವೂಸ್ಟರ್ ಸಾಸ್ ಸಸ್ಯಾಹಾರ ಅಂದ್ಕೊಂಡು ವರ್ಷಗಟ್ಟಲೆ ತಿಂದಿದ್ರಂತೆ, ಆ ಮುಖ ನೋಡ್ಬೇಕಿತ್ತು.

ಜೋಡಿಸೋದ್ರಲ್ಲಿ ಒಂದೇ ಗುಟ್ಟು, ಕೈಮಾ ಪೂರ್ತಿ ಆರಿರ್ಬೇಕು. ಬಿಸಿ ಇದ್ದಾಗ ಮ್ಯಾಶ್ ಹಾಕಿದ್ರೆ ಮುಳುಗಿ ಗೊಜ್ಜಾಗುತ್ತೆ. ಅಂಚಿಂದ ಶುರು ಮಾಡಿ ಒಳಗೆ ಬನ್ನಿ, ಅಂಚು ಮುಚ್ಚಿದ್ರೆ ಗ್ರೇವಿ ಉಕ್ಕಲ್ಲ. ಮೇಲೆ ಫೋರ್ಕಲ್ಲಿ ಉತ್ತ ಹೊಲದ ಥರ ಸಾಲು ಎಳೀರಿ, ಏರಿಯ ನೆತ್ತಿ ಎಲ್ಲಾ ಗರಿಗರಿ ಆಗುತ್ತೆ. 200 ಡಿಗ್ರೀಲಿ, ಫ್ಯಾನ್ ಓವನ್ನಾದ್ರೆ 180, ಅರ್ಧ ಗಂಟೆ. ತೆಗೆದು ಹತ್ತು ನಿಮಿಷ ಮುಟ್ಬೇಡಿ. ನಂಗೆ ಯಾವತ್ತೂ ತಡ್ಕೊಳೋಕಾಗಿಲ್ಲ, ಬಾಯಿ ಸುಟ್ಕೊಂಡಿದ್ದೇ ಜಾಸ್ತಿ.

ಬಾಟ್ಲಿಗೆ ಐದಕ್ಕೆ ನಾಲ್ಕೂವರೆ. 284 ಮಿಲಿ, ಮೂರು ಪೌಂಡಿನೊಳಗೆ ನಂಗೆ ಸಿಕ್ಕಿದ್ದು, ಎರಡು ಮೂರು ತಿಂಗಳು ಬರುತ್ತೆ. ಅರ್ಧ ಕಟ್ ಮಾಡಿದ್ದು ಯಾಕಂದ್ರೆ ಖಾರದ ಪುಡಿ ಇದೆ ಅಂತ ಬರ್ದಿದ್ರೂ ನಮ್ಮ ನಾಲಿಗೆಗೆ ಅದು ಲೆಕ್ಕಕ್ಕೇ ಇಲ್ಲ, ಖಾರ ನಿರೀಕ್ಷೆ ಮಾಡಿ ತಗೋಬೇಡಿ. ಊರಲ್ಲಿರೋರು ಇದಕ್ಕಾಗಿ ಒದ್ದಾಡೋದೂ ಬೇಡ, ಹುಣಸೆ ರಸ ಎರಡು ಚಮಚ, ವಿನೆಗರ್ ಒಂದು ಚಮಚ, ನೆಲ್ಲಿಕಾಯಿ ಗಾತ್ರ ಬೆಲ್ಲ, ಎರಡು ಲವಂಗ ಕುಟ್ಟಿದ್ದು, ಒಂದು ಕುದಿ ಕುದಿಸಿ ಸೋಸಿ. ಮುಕ್ಕಾಲು ಪಾಲು ಅದೇ.

ಹೋದ ಸಲ ಊರಿಗೆ ಹೋಗುವಾಗ ಅಮ್ಮಂಗೆ ಒಂದು ಬಾಟ್ಲಿ ಎರಡು ಪ್ಲಾಸ್ಟಿಕ್ ಕವರ್ ಸುತ್ತಿ ಸೂಟ್‌ಕೇಸಲ್ಲಿ ಹಾಕ್ಕೊಂಡು ಹೋಗಿದ್ದೆ. ಅಂಗೈ ಮೇಲೆ ಒಂದು ಹನಿ ಹಾಕ್ಕೊಂಡು ನೆಕ್ಕಿ, ಇದು ಹಳಸಿದ ಪುಳಿಯೋಗರೆ ಗೊಜ್ಜಿಗೆ ನೀರು ಬೆರೆಸಿದ ಹಂಗಿದೆಯಲ್ಲೇ, ಇದಕ್ಕೆ ದುಡ್ಡು ಕೊಟ್ಯಾ ಅಂದ್ರು. ಈಗ ಫೋನ್ ಮಾಡಿದಾಗ, ಬೇಯಿಸಿದ ಮೊಟ್ಟೆಗೆ ಚೆನ್ನಾಗಿರುತ್ತೆ, ಇನ್ನೊಂದು ತಗೊಂಡ್ಬಾ ಅಂತಿದಾರೆ.