ವಾಸನೆಯ ಮೃದು ಲ್ಯೂರ್: ಫ್ಲಾಟ್‌ಹೆಡ್ ಗಾಳದಲ್ಲಿ ದೀರ್ಘಕಾಲದ ಬಳಕೆ

ಲ್ಯೂರಿಗಿಂತ, ಅಂದರೆ ಮೀನನ್ನು ಸೆಳೆಯುವ ಕೃತಕ ಎರೆಗಿಂತ, ಮೊದಲು ಅದು ಬರುವ ಪೊಟ್ಟಣದ ವಿಷಯವನ್ನೇ ಹೇಳಬೇಕಾಗಿದೆ. ವಾಸನೆಯ ದ್ರವದಲ್ಲಿ ನೆನೆಸಿಟ್ಟ ಈ ನಾಲ್ಕು ಇಂಚಿನ ಮೃದು ಲ್ಯೂರ್‌ಗಳ ಜಿಪ್ ಚೀಲ, ಒಮ್ಮೆ ತೆರೆದ ಮೇಲೆ ಎಷ್ಟು ಒತ್ತಿ ಮುಚ್ಚಿದರೂ ಸೋರುತ್ತದೆ. ಆ ದ್ರವ ಕಾರಿನ ಡಿಕ್ಕಿಗೆ ಇಳಿದರೆ ಸಾಬೂನು ಹಾಕಿ ತೊಳೆದರೂ ವಾಸನೆ ಬಿಡುವುದಿಲ್ಲ. ದ್ರವ ಬತ್ತಿದರೆ ಉಳಿದ ಲ್ಯೂರ್‌ಗಳು ಒಣಗಿ, ಕುಗ್ಗಿ, ಕಲ್ಲಿನಂತಾಗುತ್ತವೆ. ಗಾಳದ ಕೊಕ್ಕೆಯಲ್ಲೇ ಮರೆತು ಬಿಟ್ಟದ್ದನ್ನು ಮರುದಿನ ಚಾಕುವಿನಿಂದ ಕೆರೆದು ತೆಗೆಯಬೇಕು. ಇಷ್ಟು ಬೆಲೆ ತೆತ್ತವನಿಗೆ ಸೋರದ ಚೀಲವನ್ನಾದರೂ ತಯಾರಕರು ಕೊಡಬೇಕಿತ್ತು. ಅಂಗಡಿಯಿಂದ ತಂದ ದಿನವೇ ಎಲ್ಲವನ್ನೂ ದ್ರವದ ಸಮೇತ ಬಿಗಿ ಮುಚ್ಚಳದ ಜಾಡಿಗೆ ಸುರಿದಿಡುವುದು ನನ್ನ ರೂಢಿಯಾಗಿದೆ.

ಇಷ್ಟಾದರೂ ಇದನ್ನು ಕೈಬಿಡದಿರಲು ಕಾರಣ, ಸಿಡ್ನಿಯ ದಕ್ಷಿಣದಲ್ಲಿರುವ ಪೋರ್ಟ್ ಹ್ಯಾಕಿಂಗ್ ಅಳಿವೆಯ ಡಸ್ಕಿ ಫ್ಲಾಟ್‌ಹೆಡ್. ಈ ಮೀನು ಮರಳಿನಲ್ಲಿ ಮೈ ಹುದುಗಿಸಿ, ನೆತ್ತಿಯ ಮೇಲಿನ ಕಣ್ಣುಗಳನ್ನಷ್ಟೇ ಹೊರಗಿಟ್ಟುಕೊಂಡು ಹೊಂಚು ಹಾಕುತ್ತದೆ. ಇಳಿತ ಆರಂಭವಾಗಿ ಮರಳ ದಿಬ್ಬಗಳ ಮೇಲಿನ ನೀರು ತಗ್ಗತೊಡಗಿದಾಗ ಸಿಗಡಿಗಳೂ, ನಮ್ಮ ಕರಾವಳಿಯ ಕಾಣೆಯ ಬಳಗಕ್ಕೇ ಸೇರಿದ ವೈಟಿಂಗ್ ಮರಿಗಳೂ ಸಣ್ಣ ಕಾಲುವೆಗಳ ಮೂಲಕ ಆಳಕ್ಕೆ ಇಳಿಯಲೇಬೇಕಾಗುತ್ತದೆ. ಕಾಲುವೆ ಆಳವನ್ನು ಕೂಡುವ ಆ ಅಂಚೇ ಫ್ಲಾಟ್‌ಹೆಡ್ ಕಾಯುವ ಜಾಗ. ಲ್ಯೂರನ್ನು ದಿಬ್ಬದ ಮೇಲಿನ ತೆಳುನೀರಿಗೆ ಎಸೆದು, ಅಂಚಿನವರೆಗೆ ತಂದು, ತಳ ಮುಟ್ಟಿದ ಮೇಲೆ ಕೋಲಿನ ತುದಿಯನ್ನು ಎರಡು ಬಾರಿ ಚುರುಕಾಗಿ ಎತ್ತಿ, ದಾರ ಪೂರ್ತಿ ಸಡಿಲವಾಗದಂತೆ ನೋಡಿಕೊಳ್ಳುತ್ತ ಮತ್ತೆ ಇಳಿಯಲು ಬಿಡುತ್ತೇನೆ. ಬಹುಮಟ್ಟಿಗೆ ಮೀನು ಕಚ್ಚುವುದು ಹೀಗೆ ಇಳಿಯುವಾಗಲೇ. ಆಗ ಕೋಲಿನ ಹಿಡಿಯವರೆಗೂ ಬರುವ ಆ ಒಂದೇ ಪೆಟ್ಟಿಗಾಗಿ ನಾನು ನಸುಕಿನಲ್ಲಿ ಏಳುತ್ತೇನೆ.

ಲ್ಯೂರಿನ ಬಣ್ಣಕ್ಕಿಂತ ಕೊಕ್ಕೆಯ ಸೀಸದ ತೂಕ ಮುಖ್ಯ. ಮೀಟರಿಗಿಂತ ಕಡಿಮೆ ನೀರಿಗೆ 3.5 ಗ್ರಾಂ ಸಾಕು; ಸೆಳೆತವಿರುವ ಆಳಕ್ಕೆ 7ರಿಂದ 10 ಗ್ರಾಂ ಬೇಕು. ತಳ ಮುಟ್ಟದ ಲ್ಯೂರ್ ಎಷ್ಟು ದುಬಾರಿಯದಾದರೂ ಈ ಮೀನಿಗೆ ಅಷ್ಟಾಗಿ ಪ್ರಯೋಜನವಿಲ್ಲ.

ವಾಸನೆ ನಿಜಕ್ಕೂ ನೆರವಾಗುತ್ತದೆಯೇ ಎಂದರೆ, ಮಳೆಯ ನಂತರದ ಕಲಕಿದ ನೀರಿನಲ್ಲಿಯೂ ಚಳಿಗಾಲದ ಮಂದ ದಿನಗಳಲ್ಲಿಯೂ ಹೌದು ಎಂಬುದೇ ನನ್ನ ಅನುಭವ. ಕಚ್ಚಿದ ಮೀನು ತಕ್ಷಣ ಉಗುಳುವುದಿಲ್ಲ. ಬೇಸಿಗೆಯಲ್ಲಿ, ಮೀನು ಹಸಿದು ಚುರುಕಾಗಿರುವಾಗ, ವಾಸನೆಯಿಲ್ಲದ ಅಗ್ಗದ ಲ್ಯೂರ್ ಕೂಡ ಅಷ್ಟೇ ಕೆಲಸ ಮಾಡುತ್ತದೆ. ಟೋಡ್‌ಫಿಶ್ ಮತ್ತು ಟೇಲರ್ ಮೀನುಗಳು ಲ್ಯೂರಿನ ಬಾಲ ಕತ್ತರಿಸಿ ಒಯ್ಯುವ ಆ ತಿಂಗಳುಗಳಲ್ಲಿ ದುಬಾರಿಯದನ್ನು ಜಾಡಿಯಲ್ಲೇ ಉಳಿಸುತ್ತೇನೆ.

ಎರೆಯನ್ನು ನಾನು ಬಿಟ್ಟಿಲ್ಲ. ದೋಣಿಯಲ್ಲಿ ತೇಲುತ್ತ ಹೋಗುವಾಗ ಬೂತಾಯಿಯ ಬಳಗದ ಪಿಲ್ಚರ್ಡ್ ಮೀನಿನ ಅರ್ಧ ತುಂಡನ್ನೋ ಇಡೀ ಸಿಗಡಿಯನ್ನೋ, ದಾರದ ಮೇಲೆ ಜಾರುವ ಸೀಸದ ಗುಂಡಿನೊಂದಿಗೆ ತಳದಲ್ಲಿ ನಿಧಾನವಾಗಿ ಎಳೆಯುವುದು ಈಗಲೂ ನಂಬಿಕೆಯ ವಿಧಾನ. ಎರೆಯೂ ಚಲಿಸುತ್ತಿರಬೇಕು, ಒಂದೇ ಕಡೆ ಬಿದ್ದಿದ್ದರೆ ಮೀನೇ ಅದನ್ನು ಹುಡುಕಿ ಬರಬೇಕಾಗುತ್ತದೆ. ಎರಡಕ್ಕೂ 4ರಿಂದ 6 ಕಿಲೋ ಶಕ್ತಿಯ ಫ್ಲೋರೋಕಾರ್ಬನ್ ಲೀಡರ್, ಅಂದರೆ ಮುಖ್ಯ ದಾರಕ್ಕೂ ಕೊಕ್ಕೆಗೂ ನಡುವಿನ ತುಂಡು ದಾರ, ಕಟ್ಟುತ್ತೇನೆ. ಈ ಮೀನಿನ ಬಾಯಿಯ ಒರಟು ಹಲ್ಲುಗಳು ದಾರವನ್ನು ಸವೆಸುವುದರಿಂದ, ಪ್ರತಿ ಮೀನಿನ ನಂತರ ಬೆರಳಿನಿಂದ ಸವರಿ ನೋಡಿ, ಒರಟಾದ ಭಾಗವನ್ನು ಕತ್ತರಿಸಿ ಮತ್ತೆ ಗಂಟು ಹಾಕುವುದು ಒಳ್ಳೆಯದು. ತಲೆಯ ಎರಡೂ ಬದಿಯ ಮುಳ್ಳುಗಳು ಅಂಗೈ ಸೀಳಬಲ್ಲವು. ಸಿಕ್ಕ ಮೀನನ್ನು ಮೇಲೆತ್ತಲು ಕೈಬಲೆ ಬೇಕೇ ಬೇಕು.

ನ್ಯೂ ಸೌತ್ ವೇಲ್ಸ್‌ನಲ್ಲಿ ಈಗ 36ರಿಂದ 70 ಸೆಂ.ಮೀ. ಉದ್ದದವುಗಳನ್ನು ಮಾತ್ರ, ದಿನಕ್ಕೆ 5ರಂತೆ ಇಟ್ಟುಕೊಳ್ಳಬಹುದು. 70 ಮೀರಿದವು ಬಹುತೇಕ ಮೊಟ್ಟೆಯಿಡುವ ಹೆಣ್ಣುಗಳು. ಅವನ್ನು ಜೀವಂತ ಬಿಡಬೇಕು. ನುಂಗಿದ ಎರೆಯ ಕೊಕ್ಕೆ ಗಂಟಲಿಗೆ ಇಳಿಯುವ ಸಂಭವ ಹೆಚ್ಚು. ಲ್ಯೂರಿನದು ಸಾಮಾನ್ಯವಾಗಿ ತುಟಿಯ ಅಂಚಿನಲ್ಲೇ ಇರುತ್ತದೆ, ಇಕ್ಕಳದಿಂದ ಒಂದೇ ಕ್ಷಣದಲ್ಲಿ ಬಿಡಿಸಬಹುದು. ದೊಡ್ಡ ಮೀನುಗಳಿರುವ ಅಳಿವೆಯ ಬಾಯಿಯಲ್ಲಿ ಬೇಸಿಗೆಯಿಡೀ ನಾನು ಲ್ಯೂರನ್ನೇ ಬಳಸುವುದು ಈ ಕಾರಣಕ್ಕೆ.