ಕಂಚಿನ ಬಣ್ಣ ಬಳಿದ ಮೇಲೆ ಮರದ ಬೊಡ್ಡೆ ಯಾಕೆ?

ಆನ್‌ಲೈನ್‌ನಲ್ಲಿ ತರಿಸಿದ ಗ್ರೀಕ್ ಮೂರ್ತಿಯ ಬೊಂಬೆಗೆ ಐದರಲ್ಲಿ ಮೂರೂವರೆ ಸ್ಟಾರ್. ಮುಂಭಾಗಕ್ಕೆ ಪೂರ್ತಿ ಐದು ಕೊಡಬಹುದಿತ್ತು. ಬೆನ್ನು ನೋಡಿದ ಮೇಲೆ ಮನಸ್ಸು ಬರಲಿಲ್ಲ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಮನೆಯಲ್ಲೇ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಫೋಟೋ ನೋಡಿ ಕಲಿತ ಮಕ್ಕಳಿಗೆ ಮನುಷ್ಯನನ್ನು ಒಂದೇ ಕಡೆಯಿಂದ ಬರೆಯಲು ಬರುತ್ತದೆ, ಅಷ್ಟೆ. ಸುತ್ತ ಕೂತು ಬರೆಯಲು ಒಂದು ಮೂರ್ತಿ ಬೇಕಿತ್ತು. ಹಾಗೆ ಆನ್‌ಲೈನ್‌ನಲ್ಲಿ ತರಿಸಿದ್ದು ಈ ಡೊರಿಫೊರೊಸ್. ಈಟಿ ಹಿಡಿದು ನಿಂತ ಗ್ರೀಕ್ ಯುವಕ. ರೆಸಿನ್‌ನದ್ದು, 14 ಇಂಚು, 2,800 ರೂಪಾಯಿ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನದ್ದು ಕಡಿಮೆಗೆ ಸಿಗುತ್ತಿತ್ತು, ಆದರೆ ನಮ್ಮ ಆಟಿ ಮಳೆಗೆ ಅದು ಬೂಸ್ಟು ಹಿಡಿಯುತ್ತದೆ. ಇದು ಒಂದು ಮಳೆಗಾಲ ದಾಟಿದೆ, ಏನೂ ಆಗಿಲ್ಲ.

ಮೂಲ ಮೂರ್ತಿ ಗ್ರೀಸಿನ ಅರ್ಗೋಸ್ ಊರಿನ ಪಾಲಿಕ್ಲೈಟೋಸ್ ಎಂಬ ಶಿಲ್ಪಿಯದ್ದು. ಸುಮಾರು ಕ್ರಿ.ಪೂ. 440ರಲ್ಲಿ ಕಂಚಿನಲ್ಲಿ ಮಾಡಿದ್ದು. ಅದು ಈಗ ಇಲ್ಲ. ರೋಮನ್ನರ ಕಾಲದ ಅಮೃತಶಿಲೆಯ ನಕಲುಗಳು ಉಳಿದಿವೆ. ಪೊಂಪೆಯಲ್ಲಿ ಸಿಕ್ಕಿದ ನಕಲು ನೇಪಲ್ಸ್‌ನ ಮ್ಯೂಸಿಯಂನಲ್ಲಿದೆ, 2.12 ಮೀಟರ್ ಎತ್ತರ. ನನ್ನ ಮೇಜಿನ ಮೇಲಿರುವವನು ಅದರದ್ದೇ ಮರಿ.

ಅವನು ನಿಂತಿರುವ ಭಂಗಿಯಲ್ಲೇ ಇರುವುದು ಎಲ್ಲಾ. ಬಸ್ಸಿಗೆ ಕಾದು ಕಾದು ಸಾಕಾದವರು ನಿಲ್ಲುತ್ತಾರಲ್ಲ, ಹಾಗೆ. ಮೈಯ ಭಾರವೆಲ್ಲ ಬಲಗಾಲಿನ ಮೇಲೆ. ಎಡಗಾಲು ಸಡಿಲವಾಗಿ ಹಿಂದೆ, ಹಿಮ್ಮಡಿ ಮೇಲೆದ್ದಿದೆ. ಬಲ ಸೊಂಟ ಏರಿದೆ, ಬಲ ಭುಜ ಇಳಿದಿದೆ. ಬಲಗೈ ಸುಮ್ನೆ ಜೋತುಬಿದ್ದಿದೆ, ಎಡಗೈ ಈಟಿ ಹಿಡಿದು ಮಡಚಿದೆ. ಬಿಗಿಯಾದ ಕಾಲಿನ ಕಡೆ ಸಡಿಲ ಕೈ, ಸಡಿಲ ಕಾಲಿನ ಕಡೆ ಬಿಗಿ ಕೈ. ಇದನ್ನು ತಯಾರಕರು ಚೆನ್ನಾಗಿ ತಂದಿದ್ದಾರೆ. ದಾರಕ್ಕೆ ಸಣ್ಣ ಕಲ್ಲು ಕಟ್ಟಿ ಗಂಟಲಿನ ಗುಳಿಯ ಎದುರು ಹಿಡಿದು ನೋಡಿದೆ. ದಾರ ಬಲಪಾದದ ಹತ್ತಿರವೇ ಇಳಿಯಿತು. ಅಗ್ಗದ ಬೊಂಬೆಗಳಲ್ಲಿ ಅದು ಎರಡು ಕಾಲಿನ ನಡುವೆ ಬೀಳುತ್ತದೆ, ಆಗ ಮನುಷ್ಯ ಬೀಳುವ ಹಾಗೆ ಕಾಣುತ್ತಾನೆ.

ಈಟಿ ಕೊಟ್ಟಿಲ್ಲ, ಕೈಯಲ್ಲಿ ತೂತು ಮಾತ್ರ ಇದೆ. ಹಿಡಿಸೂಡಿಯಿಂದ ಒಂದು ಕಡ್ಡಿ ಕಿತ್ತು ಸಿಕ್ಕಿಸಿದೆ. ಎಡ ಭುಜ ಯಾಕೆ ಮೇಲಿದೆ ಅಂತ ಮಕ್ಕಳಿಗೆ ಆಗ ತಟ್ಟನೆ ಹೊಳೆಯಿತು.

ನಮ್ಮ ಕಡೆಯ ಮಕ್ಕಳು ಕಾರ್ಕಳದ ಗೊಮ್ಮಟನನ್ನು ನೋಡಿರುತ್ತಾರೆ. ಅವನದ್ದು ಎರಡೂ ಕಾಲಿನ ಮೇಲೆ ಸಮ ಭಾರ, ನೆಟ್ಟಗಿನ ನಿಲುವು. ತಪಸ್ಸಿಗೆ ಅದೇ ಸರಿ. ಗ್ರೀಕರ ಹಳೆಯ ಕೌರೋಸ್ ಮೂರ್ತಿಗಳೂ, ಅಂದರೆ ನಿಂತ ಯುವಕರ ಮೂರ್ತಿಗಳೂ, ಹೆಚ್ಚು ಕಡಿಮೆ ಹಾಗೇ. ಎಡಗಾಲು ಮುಂದಿದ್ದರೂ ಸೊಂಟ ಅಲುಗುವುದಿಲ್ಲ. ಸುಮಾರು ಕ್ರಿ.ಪೂ. 480ರ ಹೊತ್ತಿಗೆ, ಅಥೆನ್ಸ್‌ನ 'ಕ್ರಿಟಿಯೋಸ್ ಹುಡುಗ' ಎಂಬ ಮೂರ್ತಿಯಲ್ಲಿ, ಸೊಂಟ ಸ್ವಲ್ಪ ವಾಲುತ್ತದೆ. ಪಾಲಿಕ್ಲೈಟೋಸ್ ಅದಕ್ಕೊಂದು ಲೆಕ್ಕವನ್ನೇ ಕಟ್ಟಿದ. ಬೆರಳಿಗೂ ಅಂಗೈಗೂ, ಅಂಗೈಗೂ ಮುಂಗೈಗೂ ಇಷ್ಟಿಷ್ಟೇ ಅಂತ ಅಳತೆ ಇಟ್ಟು 'ಕಾನೊನ್' ಎಂಬ ಗ್ರಂಥವನ್ನೂ ಬರೆದಿದ್ದ. ಗ್ರಂಥವೂ ಉಳಿದಿಲ್ಲ.

ಈಗ ನನ್ನ ತಕರಾರು. ಬೊಂಬೆಗೆ ಕಂಚಿನ ಬಣ್ಣ ಬಳಿದಿದ್ದಾರೆ, ಬಾಕ್ಸ್ ಮೇಲೂ ಅದನ್ನೇ ದೊಡ್ಡದಾಗಿ ಹಾಕಿದ್ದಾರೆ. ಆದರೆ ಬಲಗಾಲಿಗೆ ಒರಗಿ ಒಂದು ಮರದ ಬೊಡ್ಡೆ! ಬಲ ಮಣಿಕಟ್ಟಿನಿಂದ ಸೊಂಟಕ್ಕೆ ಒಂದು ಗೂಟ ಬೇರೆ. ಇವೆರಡೂ ಕಲ್ಲಿಗೆ ಬೇಕಾದ ಊರುಗೋಲುಗಳು. ಅಮೃತಶಿಲೆಗೆ ತೂಕ ಜಾಸ್ತಿ, ಬಾಗುವ ಗುಣ ಇಲ್ಲ. ಸಣಕಲು ಕಣಕಾಲಿನ ಮೇಲೆ ಅಷ್ಟು ಭಾರ ಹೇರಿದರೆ ಮುರಿಯುತ್ತದೆ. ಅದಕ್ಕೇ ನಕಲು ಮಾಡಿದವರು ಬೊಡ್ಡೆ ಸೇರಿಸಿದರು. ಕಂಚಿನ ಮೂರ್ತಿಗೆ ಆ ಕಷ್ಟ ಇಲ್ಲ, ಒಳಗೆ ಟೊಳ್ಳು. ಮಣ್ಣಿನ ತಿರುಳಿನ ಮೇಲೆ ಮೇಣ, ಅದರ ಮೇಲೆ ಮತ್ತೆ ಮಣ್ಣು. ಕಾಯಿಸಿದರೆ ಮೇಣ ಕರಗಿ ಹೋಗುತ್ತದೆ, ಆ ಜಾಗಕ್ಕೆ ಕಂಚು ಹೊಯ್ಯುತ್ತಾರೆ. ತಲೆ, ಕೈ, ಕಾಲು ಬೇರೆ ಬೇರೆ ಎರಕ ಮಾಡಿ ಬೆಸೆಯುತ್ತಿದ್ದರು. 1972ರಲ್ಲಿ ಇಟಲಿಯ ರಿಯಾಚೆ ಹತ್ತಿರ ಸಮುದ್ರದಲ್ಲಿ ಸಿಕ್ಕಿದ ಇಬ್ಬರು ಯೋಧರನ್ನು ನೋಡಿ. ತಾಮ್ರದ ತುಟಿ, ಒಬ್ಬನಿಗೆ ಬೆಳ್ಳಿಯ ಹಲ್ಲು, ಬೊಡ್ಡೆಯ ಸುಳಿವೇ ಇಲ್ಲ. ಕಂಚು ಅಂದರೆ ಬೊಡ್ಡೆ ತೆಗೀಬೇಕು, ಬೊಡ್ಡೆ ಇಟ್ಟರೆ ಕಲ್ಲಿನ ಬಣ್ಣ ಕೊಡಬೇಕು. ಎರಡೂ ಸೇರಿದರೆ ಮಕ್ಕಳಿಗೆ ಏನಂತ ಹೇಳುವುದು?

ಬೆನ್ನಿನ ಕಥೆ ಇನ್ನೂ ಬೇಸರದ್ದು. ಸೊಂಟ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ವಾಲಿದ ಮೇಲೆ ಬೆನ್ನುಮೂಳೆ ಬಾಗಲೇಬೇಕಲ್ವಾ? ಇಲ್ಲಿ ಅಡಿಕೋಲು ಇಟ್ಟು ಎಳೆದ ಹಾಗೆ ನೇರ ಗೀಟು. ಪಕ್ಕೆಯಲ್ಲಿ ಅಚ್ಚಿನ ಜೋಡು ಉಬ್ಬಿಕೊಂಡಿದೆ, ಮರಳು ಕಾಗದದಿಂದ ನಾನೇ ಉಜ್ಜಿದೆ. ಗೋಡೆಗೆ ಅಂಟಿದ ಶಿಲ್ಪವಾದರೆ ಹಿಂದೆ ಯಾರು ನೋಡುತ್ತಾರೆ ಅನ್ನಬಹುದು. ಸುತ್ತು ಬಂದು ನೋಡಲೆಂದೇ ಮಾಡಿದ ಮೂರ್ತಿಗೆ ಆ ಮಾತು ನಡೆಯುವುದಿಲ್ಲ.

ಇನ್ನೊಂದು ವಿಷಯ, ಮೂರ್ತಿಗೆ ಬಟ್ಟೆ ಇಲ್ಲ. ಮಗನನ್ನು ಬಿಡಲು ಬಂದ ಒಬ್ಬ ತಾಯಿ "ಟೀಚರೇ, ಇವನಿಗೊಂದು ಮುಂಡು ಉಡಿಸಬಾರದಾ?" ಅಂದರು. ಉಡಿಸಿದರೆ ಸೊಂಟದ ವಾಲು ಕಾಣುವುದಿಲ್ಲ ಅಂದೆ. ನಕ್ಕು ಸುಮ್ಮನಾದರು.

ಮನೆಯಲ್ಲಿ ಅಲಂಕಾರಕ್ಕೆ ಇಡುವವರು ಗೋಡೆಗೆ ಬೆನ್ನು ಮಾಡಿ ಇಡಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಚಿತ್ರ ಬರೆಯುವವರು ಮುಂದಿನಿಂದ ಮತ್ತು ಎಡಗಡೆಯಿಂದ ಬರೆಯಿರಿ. ಬಿಳಿ ಬಣ್ಣದ್ದು ಇದೆಯಾ ಅಂತ ಮಾರುವವರಿಗೆ ಮೆಸೇಜ್ ಹಾಕಿ ಕೇಳಿದೆ. "ಕಂಚಿನ ಫಿನಿಶ್‌ಗೇ ಡಿಮ್ಯಾಂಡ್ ಮೇಡಂ" ಅಂತ ಉತ್ತರ ಬಂತು.