ಆಯಿಸ್ಟರ್‌ಗೆ ಜೋಡಿಸಿದ ರೈಲ್‌ಕಾರ್ಡ್: ವೆಸ್ಟ್ ಡ್ರೇಟನ್ ದಾಟಿದರೆ ರಿಯಾಯಿತಿ ಇಲ್ಲ

ಲಂಡನ್ನಿಗೆ ಹೊಸದಾಗಿ ಬಂದವರಿಗೆ ಎಲ್ಲರೂ ಹೇಳುವುದು ಒಂದೇ: ಆಯಿಸ್ಟರ್ (ಮೊದಲೇ ಹಣ ತುಂಬಿಸಿಡುವ ಪ್ರಯಾಣದ ಕಾರ್ಡ್) ಯಾಕೆ, ಬ್ಯಾಂಕ್ ಕಾರ್ಡೋ ಫೋನೋ ಟ್ಯಾಪ್ ಮಾಡಿ ಸಾಕು. ರೈಲ್‌ಕಾರ್ಡ್, ಅಂದರೆ ರೈಲು ದರದಲ್ಲಿ ರಿಯಾಯಿತಿ ಕೊಡುವ ಕಾರ್ಡ್, ಇದ್ದವರು ಮಾತ್ರ ಈ ಮಾತು ಕೇಳಬೇಡಿ. ಕಾಂಟ್ಯಾಕ್ಟ್‌ಲೆಸ್‌ಗೆ (ಹೀಗೆ ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡ್, ಫೋನ್‌ಗಳಿಗೆ) ರೈಲ್‌ಕಾರ್ಡ್ ಜೋಡಿಸಲು ಬರುವುದಿಲ್ಲ, ಪೂರ್ತಿ ದರ ಸದ್ದಿಲ್ಲದೆ ಕಡಿತವಾಗುತ್ತದೆ. ಆಯಿಸ್ಟರ್‌ಗೆ ಜೋಡಿಸಿದರೆ ಆಫ್-ಪೀಕ್ (ದಟ್ಟಣೆ ಕಡಿಮೆ ಇರುವ ಹೊತ್ತಿನ) ದರದಲ್ಲೂ, ದಿನಕ್ಕೆ ಗರಿಷ್ಠ ಇಷ್ಟೇ ಕಡಿತ ಅನ್ನುವ ಆಫ್-ಪೀಕ್ ಮಿತಿಯಲ್ಲೂ ಮೂರನೇ ಒಂದು ಭಾಗ ಉಳಿತಾಯ. 35 ಪೌಂಡಿನ ರೈಲ್‌ಕಾರ್ಡ್ ಹಣ ವಾಪಸ್ ಬರಲು 105 ಪೌಂಡಿನಷ್ಟು ಆಫ್-ಪೀಕ್ ಓಡಾಟ ಸಾಕು.

ಜೋಡಿಸುವ ಕೆಲಸ ಆ್ಯಪ್‌ನಲ್ಲಿ ಆಗುವುದಿಲ್ಲ. ಟ್ಯೂಬ್ (ಸುರಂಗ ರೈಲು) ನಿಲ್ದಾಣದಲ್ಲಿ ಸಿಬ್ಬಂದಿಯನ್ನು ಟಿಕೆಟ್ ಮೆಷಿನ್ ಹತ್ತಿರ ಕರೆಯಿರಿ. ರೈಲ್‌ಕಾರ್ಡ್ ನೋಡಿ, ಅವರು ತಮ್ಮ ಕಾರ್ಡನ್ನು ಹಳದಿ ರೀಡರ್‌ಗೆ ಹಿಡಿದು ಮೆನು ತೆರೆಯುತ್ತಾರೆ. ರಿಯಾಯಿತಿಯ ಬಗೆ ಆರಿಸಿದ ಮೇಲೆ ನಿಮ್ಮ ಆಯಿಸ್ಟರ್ ಇಡಬೇಕು. ಅಲ್ಲಿಂದ ಹೊರಡುವ ಮೊದಲು ಇನ್ನೊಮ್ಮೆ ಕಾರ್ಡ್ ಇಟ್ಟು, ಪರದೆಯಲ್ಲಿ ರಿಯಾಯಿತಿಯ ಹೆಸರು ಬಂತಾ ನೋಡಿಕೊಳ್ಳಿ. 16-25, 26-30, ಸೀನಿಯರ್ ರೈಲ್‌ಕಾರ್ಡ್‌ಗಳಿಗೆ ಇದು ಸಿಗುತ್ತದೆ. ನೆಟ್‌ವರ್ಕ್, ಟೂ ಟುಗೆದರ್, ಫ್ಯಾಮಿಲಿ ಕಾರ್ಡ್‌ಗಳಿಗೆ ಇಲ್ಲ. ರೈಲ್‌ಕಾರ್ಡ್ ಅವಧಿ ಮುಗಿದರೆ ರಿಯಾಯಿತಿಯೂ ಹೋಗುತ್ತದೆ. ನವೀಕರಿಸಿದ ಮೇಲೆ ಮತ್ತೆ ಜೋಡಿಸಲು ಮರೆಯುವವರೇ ಹೆಚ್ಚು.

ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 6.30ರಿಂದ 9.30, ಸಂಜೆ 4ರಿಂದ 7 ಪೀಕ್. ಲೆಕ್ಕಕ್ಕೆ ಬರುವುದು ಒಳಹೋಗುವಾಗ ಟ್ಯಾಪ್ ಮಾಡಿದ ಸಮಯ. ಹಾಗಾಗಿ 9.28ಕ್ಕೆ ಗೇಟ್ ಮುಂದೆ ಬಂದರೆ ಎರಡು ನಿಮಿಷ ಪಕ್ಕಕ್ಕೆ ನಿಲ್ಲಿ. ಆಯಿಸ್ಟರನ್ನು ಪರ್ಸಿನಿಂದ ಹೊರತೆಗೆದೇ ಇಡಿ, ಇಲ್ಲದಿದ್ದರೆ ರೀಡರ್ ಬ್ಯಾಂಕ್ ಕಾರ್ಡನ್ನು ಹಿಡಿದುಬಿಡಬಹುದು. ಐಫೋನ್ ಇದ್ದರೆ, ಲಾಕ್ ತೆರೆಯದೆಯೇ ಹಣ ಕಡಿತವಾಗುವ ಎಕ್ಸ್‌ಪ್ರೆಸ್ ಮೋಡ್ ಆಫ್ ಮಾಡಿ. ಫೋನಿನಿಂದ ಒಳಹೋಗಿ ಆಯಿಸ್ಟರ್‌ನಿಂದ ಹೊರಬಂದರೆ ಎರಡೂ ಅರ್ಧ ಪಯಣಗಳಾಗಿ, ಎರಡರಲ್ಲೂ ಗರಿಷ್ಠ ದರ ಬೀಳುತ್ತದೆ.

ಇಷ್ಟೇ ಆಗಿದ್ದರೆ ಐದಕ್ಕೆ ಐದು ಕೊಡಬಹುದಿತ್ತು. ಆದರೆ ಟ್ಯಾಪ್ ವ್ಯವಸ್ಥೆ ಲಂಡನ್ ಹೊರಗೆ ಹರಡುತ್ತಿರುವುದು ಕಾಂಟ್ಯಾಕ್ಟ್‌ಲೆಸ್ ರೂಪದಲ್ಲಿ, ಆಯಿಸ್ಟರ್ ಅಲ್ಲಿಗೆ ಹೋಗುವುದಿಲ್ಲ. ಲಂಡನ್ನನ್ನು ಪೂರ್ವ-ಪಶ್ಚಿಮವಾಗಿ ದಾಟುವ ಎಲಿಜಬೆತ್ ಲೈನ್ ರೈಲಿನಲ್ಲಿ ಪಶ್ಚಿಮಕ್ಕೆ ಆಯಿಸ್ಟರ್ ನಡೆಯುವುದು ನಗರದಂಚಿನ ವೆಸ್ಟ್ ಡ್ರೇಟನ್‌ವರೆಗೆ. ಅದರಾಚೆಯ ಸ್ಲೌ, ಮೇಡನ್‌ಹೆಡ್, ರೆಡಿಂಗ್‌ನಲ್ಲಿ ಟ್ಯಾಪ್ ಅಂದರೆ ಕಾಂಟ್ಯಾಕ್ಟ್‌ಲೆಸ್, ಅಂದರೆ ಪೂರ್ತಿ ದರ. ಬಾಡಿಗೆ ಕಡಿಮೆ ಅಂತ ಊರಾಚೆ ಮನೆ ಮಾಡಿದ ವಿದ್ಯಾರ್ಥಿಗೆ, ಮಕ್ಕಳ ಜೊತೆ ಇರುವ ಹಿರಿಯರಿಗೆ ಇದು ಅನ್ಯಾಯ. ಎಲ್ಲರಿಗೂ ಸಲೀಸಾದದ್ದು ರಿಯಾಯಿತಿ ಇದ್ದವರಿಗೇ ತುಟ್ಟಿ.

ಆ ಊರುಗಳಿಂದ ಬರುವವರು ಗೇಟ್‌ನಲ್ಲಿ ಟ್ಯಾಪ್ ಮಾಡದೆ, ಹತ್ತುವ ಮೊದಲೇ ರೈಲ್‌ಕಾರ್ಡ್ ರಿಯಾಯಿತಿ ಹಾಕಿ ಟಿಕೆಟ್ ತೆಗೆದುಕೊಳ್ಳಿ. ದಿನವಿಡೀ ಲಂಡನ್ ಒಳಗೆ ಸುತ್ತುವುದಿದ್ದರೆ ಆಫ್-ಪೀಕ್ ಡೇ ಟ್ರಾವೆಲ್‌ಕಾರ್ಡ್‌ (ದಿನದ ಪಾಸ್) ದರವನ್ನೂ ಹೋಲಿಸಿ ನೋಡಿ. ವೆಸ್ಟ್ ಡ್ರೇಟನ್‌ವರೆಗೆ ಟಿಕೆಟ್, ಮುಂದೆ ಆಯಿಸ್ಟರ್ ಅನ್ನುವ ಉಪಾಯವೂ ಉಂಟು. ಆದರೆ ಅಲ್ಲಿ ಇಳಿದು ಟ್ಯಾಪ್ ಮಾಡಿ ಮುಂದಿನ ರೈಲಿಗೆ ಕಾಯಬೇಕು. ಡಿಜಿಟಲ್ ರೈಲ್‌ಕಾರ್ಡ್ ಆದರೆ ಫೋನಿನಲ್ಲಿ ಚಾರ್ಜ್ ಇರಲಿ, ತಪಾಸಣೆಯವರು ಕೇಳಿದಾಗ ತೋರಿಸಲಾಗದಿದ್ದರೆ ರಿಯಾಯಿತಿಯ ಟಿಕೆಟ್ ಲೆಕ್ಕಕ್ಕಿಲ್ಲ.